ಪಿಂಗ್‌ಗೆ ಸರ್ವರ್ ‘ಅಲೈವ್’ ಅನ್ನುತ್ತದೆ, ಆದರೂ ಆ್ಯಪ್ ಕನೆಕ್ಟ್ ಆಗುವುದಿಲ್ಲ. ಯಾಕೆ?

ಓದುಗರ ಪ್ರಶ್ನೆ: ಮೈಎಸ್‌ಕ್ಯೂಎಲ್ ಡೇಟಾಬೇಸ್ ಇರುವ ಸರ್ವರಿನಲ್ಲೇ ಕೂತು, ಅದು ಎದ್ದಿದೆಯಾ ಅಂತ ಕೇಳುವ ‘ಮೈಎಸ್‌ಕ್ಯೂಎಲ್‌ಅಡ್ಮಿನ್ ಪಿಂಗ್’ ಕಮಾಂಡ್ ಕೊಟ್ಟರೆ ‘ಅಲೈವ್’ ಅಂತ ಬರುತ್ತದೆ. ಬೇರೆ ಮೆಷಿನ್‌ನಲ್ಲಿರುವ ನಮ್ಮ ಆ್ಯಪ್ ಮಾತ್ರ ಕನೆಕ್ಟ್ ಆಗುತ್ತಿಲ್ಲ. ಯಾವುದನ್ನು ನಂಬಬೇಕು?

ಎರಡನ್ನೂ ನಂಬಿ. ಸರ್ವರ್ ಎದ್ದಿದೆ ಅನ್ನುವುದಷ್ಟೇ ಪಿಂಗ್ ಹೇಳುವ ಮಾತು. ನಿಮ್ಮ ಆ್ಯಪ್ ಒಳಗೆ ಬರಬಹುದಾ ಅಂತ ಅದು ನೋಡುವುದೇ ಇಲ್ಲ. ಪಾಸ್‌ವರ್ಡ್ ತಪ್ಪಾಗಿ ‘ಆಕ್ಸೆಸ್ ಡಿನೈಡ್’ ಬಂದರೂ ಪಿಂಗ್‌ನ ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಕೊಡುವ ಫಲಿತಾಂಶದ ಅಂಕಿ) 0, ಅಂದರೆ ‘ಸರಿಯಿದೆ’. ಬರಬೇಡ ಅನ್ನುವುದಕ್ಕಾದರೂ ಸರ್ವರ್ ಎದ್ದಿರಬೇಕು ಅಲ್ವಾ, ಅದು ಆ ಲೆಕ್ಕ. ಎಕ್ಸಿಟ್ ಕೋಡ್ ಒಂದನ್ನೇ ನೋಡುವ ಮಾನಿಟರಿಂಗ್ ಸ್ಕ್ರಿಪ್ಟ್ ಇದ್ದರೆ ಇವತ್ತೇ ಬದಲಾಯಿಸಿ.

ದಾರಿಯೂ ಬೇರೆ. ಲಿನಕ್ಸ್‌ನಲ್ಲಿ ಹೋಸ್ಟ್ ‘ಲೋಕಲ್‌ಹೋಸ್ಟ್’ ಆಗಿದ್ದರೆ ಕ್ಲೈಂಟ್ ಹೋಗುವುದು ಅದೇ ಮೆಷಿನ್‌ನೊಳಗಿನ ಸಾಕೆಟ್ ಫೈಲ್ ಮೂಲಕ, ಮೈಎಸ್‌ಕ್ಯೂಎಲ್‌ನ 3306 ನೆಟ್‌ವರ್ಕ್ ಪೋರ್ಟಿನ ಗೊಡವೆಯೇ ಇಲ್ಲ. ಹೊರಗಿನ ಆ್ಯಪ್ ಬರುವುದು ಟಿಸಿಪಿಯಲ್ಲಿ, ಅಂದರೆ ನೆಟ್‌ವರ್ಕ್ ಮೂಲಕ. ಉಬುಂಟುವಿನ ಪ್ಯಾಕೇಜ್ ಹಾಕಿಕೊಂಡಿದ್ದರೆ ಬೈಂಡ್-ಅಡ್ರೆಸ್ (ಸರ್ವರ್ ಯಾವ ವಿಳಾಸದಲ್ಲಿ ಕನೆಕ್ಷನ್‌ಗೆ ಕಾಯಬೇಕು ಅನ್ನುವ ಸೆಟ್ಟಿಂಗ್) 127.0.0.1, ಅಂದರೆ ಆ ಮೆಷಿನ್ ಮಾತ್ರ, ಎಂದೇ ಇರುತ್ತದೆ. ಅದನ್ನು ಬದಲಾಯಿಸದೆ ಹೊರಗಿನಿಂದ ಯಾರೂ ಬರಲಾರರು.

ಹಾಗಾಗಿ ಟೆಸ್ಟ್ ಮಾಡುವಾಗ ಆ್ಯಪ್ ಇರುವ ಮೆಷಿನ್‌ನಿಂದ, ಆ್ಯಪ್‌ನ ಯೂಸರ್ ಹೆಸರಿನಲ್ಲೇ ‘ಮೈಎಸ್‌ಕ್ಯೂಎಲ್’ ಕ್ಲೈಂಟ್ ಓಡಿಸಿ. ಆ್ಯಪ್ ಓದುವ ಟೇಬಲ್‌ನಿಂದ ಒಂದು ಸಾಲು ಸೆಲೆಕ್ಟ್ ಮಾಡಿ. ಬರುವ ಎರರ್ ನಂಬರ್ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. 2003 ಬಂದರೆ ಫೈರ್‌ವಾಲ್, ಪೋರ್ಟ್, ಬೈಂಡ್-ಅಡ್ರೆಸ್ ನೋಡಿ. 1045 ಬಂದರೆ ಯೂಸರ್ ಅಥವಾ ಪಾಸ್‌ವರ್ಡ್. ಇಲ್ಲೊಂದು ವಿಷಯ ನೆನಪಿರಲಿ: ಮೈಎಸ್‌ಕ್ಯೂಎಲ್‌ಗೆ ಒಂದೇ ಹೆಸರು ಬೇರೆ ಬೇರೆ ಹೋಸ್ಟ್‌ನಿಂದ ಬಂದರೆ ಬೇರೆ ಬೇರೆ ಅಕೌಂಟ್ ಆಗಬಹುದು.

ಜಾಸ್ತಿ ದಾರಿ ತಪ್ಪಿಸುವುದು 1040, ಅಂದರೆ ‘ಟೂ ಮೆನಿ ಕನೆಕ್ಷನ್ಸ್’. ನಾವು ಬದಲಾಯಿಸದಿದ್ದರೆ ಕನೆಕ್ಷನ್ ಮಿತಿ 151. ಅದರ ಮೇಲೆ ಇನ್ನೊಂದನ್ನು ಸರ್ವರ್ ಅಡ್ಮಿನ್‌ಗೆಂದೇ ಕಾದಿರಿಸುತ್ತದೆ. ಆ್ಯಪ್‌ಗೆ ಜಾಗವಿಲ್ಲದಿದ್ದರೂ ರೂಟ್ (ಅಡ್ಮಿನ್ ಯೂಸರ್) ಆಗಿ ನೀವು ಸಲೀಸಾಗಿ ಒಳಗೆ ಹೋಗುತ್ತೀರಿ, ಪಿಂಗ್‌ಗೆ ‘ಅಲೈವ್’ ಕೂಡ ಬರುತ್ತದೆ!

ಆಗ, ಸದ್ಯ ತೆರೆದಿರುವ ಕನೆಕ್ಷನ್‌ಗಳನ್ನು ತೋರಿಸುವ ‘ಮೈಎಸ್‌ಕ್ಯೂಎಲ್‌ಅಡ್ಮಿನ್ ಪ್ರೋಸೆಸ್‌ಲಿಸ್ಟ್’ ಕೊಡಿ. ಸಾಲು ಸಾಲಾಗಿ ‘ಸ್ಲೀಪ್’ (ಕೆಲಸವಿಲ್ಲದೆ ಕೂತ ಕನೆಕ್ಷನ್) ಕಂಡರೆ ಆ್ಯಪ್ ಕನೆಕ್ಷನ್ ತೆರೆದು ಮುಚ್ಚದೆ ಬಿಡುತ್ತಿರಬಹುದು, ಇಲ್ಲವೇ ಅದರ ಪೂಲ್ (ಮತ್ತೆ ಮತ್ತೆ ಬಳಸಲು ಆ್ಯಪ್ ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಅಳತೆ ಮೀರಿರಬಹುದು. ಸುಮ್ನೆ ಕೂತ ಕನೆಕ್ಷನ್‌ಗೆ ಸರ್ವರ್ ಕೊಡುವ ಗಡುವು, ನಾವು ಮುಟ್ಟದಿದ್ದರೆ, 28,800 ಸೆಕೆಂಡ್, ಅಂದರೆ 8 ಗಂಟೆ. ಸುಮ್ನೆ ಮಿತಿ ಏರಿಸಿದರೆ ತೊಂದರೆ ಮುಂದಕ್ಕೆ ಹೋಗುತ್ತದೆ ಅಷ್ಟೇ. ಮೊದಲು ಆ್ಯಪ್‌ನ ಕೋಡ್ ಮತ್ತು ಪೂಲ್ ನೋಡಿ.

ಆ್ಯಪ್‌ನ ಯೂಸರ್‌ಗೆ ‘ಸೂಪರ್’ ಅನ್ನುವ ಅಡ್ಮಿನ್ ಅಧಿಕಾರ ಮಾತ್ರ ದಯವಿಟ್ಟು ಕೊಡಬೇಡಿ. ಕೊಟ್ಟರೆ ಕಾದಿರಿಸಿದ ಆ ಒಂದು ಕನೆಕ್ಷನ್ ಕೂಡ ಆ್ಯಪ್ ಪಾಲಾಗುತ್ತದೆ, ರಿಪೇರಿಗೆ ಒಳಗೆ ಹೋಗಲು ನಿಮಗೇ ಜಾಗ ಇರುವುದಿಲ್ಲ.