ಎಂಟು ವರ್ಷ ಮೂಲೆ ಸೇರಿದ್ದ ಜಪಾನಿನ ಚರಿತ್ರೆ

1894ರಲ್ಲಿ ಜಪಾನ್ ಜೊತೆ ಯುದ್ಧ ಶುರುವಾದಾಗ, ಚೀನಾದ ಬಹುಪಾಲು ಅಧಿಕಾರಿಗಳಿಗೆ ಆ ದೇಶದ ಬಗ್ಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ನಮ್ಮಿಂದಲೇ ಅಕ್ಷರ ಕಲಿತ ಪುಟ್ಟ ದ್ವೀಪ ನಮಗೇನು ಮಾಡೀತು ಅನ್ನೋ ಧೋರಣೆ. ಆದರೆ ಆ ದ್ವೀಪ ಹೇಗೆ ಬದಲಾಗಿದೆ ಎಂದು ತಿಳಿಸುವ 40 ಭಾಗಗಳ ಗ್ರಂಥ ಏಳು ವರ್ಷ ಮೊದಲೇ ಸಿದ್ಧವಾಗಿತ್ತು. ಬರೆದವರು ಚೀನಾದವರೇ ಆದ ಹುವಾಂಗ್ ಝುನ್‌ಷಿಯಾನ್.

ಗ್ವಾಂಗ್‌ಡಾಂಗ್ ಪ್ರಾಂತ್ಯದ ಹಕ್ಕಾ ಮನೆತನದಲ್ಲಿ 1848ರಲ್ಲಿ ಹುಟ್ಟಿದ ಇವರು ಕವಿ. 1877ರಲ್ಲಿ ಜಪಾನಿಗೆ ಚೀನಾ ಕಳಿಸಿದ ಮೊದಲ ರಾಯಭಾರಿಯ ಜೊತೆ ಟೋಕಿಯೊಗೆ ಹೋದರು. ಜಪಾನಿ ಮಾತಾಡಲು ಬರುತ್ತಿರಲಿಲ್ಲ. ಅಲ್ಲಿನ ವಿದ್ವಾಂಸರಿಗೆ ಚೀನಿ ಮಾತು ಬಾರದಿದ್ದರೂ ಚೀನಿ ಬರಹ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಎದುರುಬದುರು ಕೂತು, ಕುಂಚ ಹಿಡಿದು, ಕಾಗದದ ಮೇಲೆಯೇ ಹರಟೆ! ಒಬ್ಬರು ಪ್ರಶ್ನೆ ಬರೆದರೆ ಇನ್ನೊಬ್ಬರು ಕೆಳಗೆ ಉತ್ತರ ಬರೆಯುತ್ತಿದ್ದರು. ಒಕೋಚಿ ತೆರುನಾ ಎಂಬ ಗೆಳೆಯ ಆ ಹಾಳೆಗಳನ್ನು ಜೋಪಾನವಾಗಿ ಎತ್ತಿಟ್ಟರು. ಸುಮ್ನೆ ಎಸೆದಿದ್ದರೆ ಎಂಥ ನಷ್ಟ ಅಲ್ವಾ? ಜಪಾನಿನ ಬಗ್ಗೆ ಹುವಾಂಗ್ ಬರೆದ ಕವಿತೆಗಳ ಹಸ್ತಪ್ರತಿಯನ್ನು 1879ರಲ್ಲಿ ತಮ್ಮ ತೋಟದಲ್ಲೇ ಹೂತು, ಮೇಲೆ ಕಲ್ಲು ನಿಲ್ಲಿಸಿದವರೂ ಇವರೇ. ಕವಿತೆಗೂ ಸಮಾಧಿಯ ಗೌರವ.

1882ರಲ್ಲಿ ಹುವಾಂಗ್‌ರಿಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ವರ್ಗವಾಯಿತು. ಚೀನಿ ಕೂಲಿಗಳು ಒಳಗೆ ಬರದಂತೆ ಅಮೆರಿಕ ಕಾನೂನು ಮಾಡಿದ್ದು ಅದೇ ವರ್ಷ. ಇಕ್ಕಟ್ಟಾದ ಕೋಣೆಗಳಲ್ಲಿ ಬದುಕುತ್ತಾರೆಂದು ಅಲ್ಲಿನ ಚೀನಿಯರನ್ನು ಜೈಲಿಗೂ ಹಾಕುತ್ತಿದ್ದರು. ಹುವಾಂಗ್ ಜೈಲಿಗೇ ಹೋಗಿ ಕೋಣೆ ಅಳೆಸಿ, 'ಇದು ಅವರ ಮನೆಗಿಂತ ದೊಡ್ಡದೇ?' ಎಂದು ಕೇಳಿದರಂತೆ.

1885ರಲ್ಲಿ ಊರಿಗೆ ಮರಳಿ, 1887ರಲ್ಲಿ ಜಪಾನಿನ ಚರಿತ್ರೆ ಮುಗಿಸಿದರು. ಸೈನ್ಯ, ತೆರಿಗೆ, ಶಾಲೆ, ಕಾನೂನು ಎಲ್ಲವೂ ಅದರಲ್ಲಿತ್ತು. ಲಿ ಹೊಂಗ್‌ಜಾಂಗ್‌ರಂಥ ದೊಡ್ಡ ಅಧಿಕಾರಿಗಳ ಕೈಗೂ ಪ್ರತಿ ತಲುಪಿತು. ಆದರೆ ಅಚ್ಚಾಗಿ ಜನರ ಕೈಸೇರಿದ್ದು 1895ರಲ್ಲಿ. ಅಷ್ಟರಲ್ಲಿ ಚೀನಾ ಸೋತು, ತೈವಾನ್ ಬಿಟ್ಟುಕೊಟ್ಟು, 20 ಕೋಟಿ ತೇಲ್ (ಚೀನಾದ ತೂಕದ ಅಳತೆ) ಬೆಳ್ಳಿ ದಂಡಕ್ಕೂ ಒಪ್ಪಿಕೊಂಡಾಗಿತ್ತು. ಮೊದಲೇ ಓದಿದ್ದರೆ ಈ ದಂಡ ಉಳಿಯುತ್ತಿತ್ತು ಎಂದು ಆಗಲೇ ಕೆಲವರು ಹೇಳಿದ್ದುಂಟು. ಒಂದು ಪುಸ್ತಕ ಯುದ್ಧ ತಪ್ಪಿಸುತ್ತಿತ್ತು ಅಂತ ನನಗನ್ನಿಸುವುದಿಲ್ಲ. ಎದುರಾಳಿಯನ್ನು ಇಷ್ಟು ಹಗುರವಾಗಿ ಕಾಣುವುದನ್ನಂತೂ ತಪ್ಪಿಸಬಹುದಿತ್ತು.

1898ರಲ್ಲಿ ಸುಧಾರಣೆಗೆ ಹೊರಟ ಗುವಾಂಗ್‌ಶು ಚಕ್ರವರ್ತಿ ಇದೇ ಪುಸ್ತಕ ತರಿಸಿಕೊಂಡರು. ಹುವಾಂಗ್‌ರನ್ನು ಜಪಾನಿಗೆ ರಾಯಭಾರಿಯಾಗಿ ನೇಮಿಸಿದರು. ಹುವಾಂಗ್ ಹೊರಡುವ ಮೊದಲೇ ರಾಜಮಾತೆ ಸಿಷಿ ಚಕ್ರವರ್ತಿಯಿಂದ ಅಧಿಕಾರ ಕಿತ್ತುಕೊಂಡರು. ಶಾಂಘೈಯಲ್ಲಿ ಕಾವಲಿನಲ್ಲಿಟ್ಟಿದ್ದ ಹುವಾಂಗ್ ಪರ ಜಪಾನ್ ಕಡೆಯವರೂ ಒತ್ತಡ ಹಾಕಿದ ಮೇಲೆ ಬಿಡುಗಡೆಯಾಯಿತು. ಹುದ್ದೆ ಹೋಗಿತ್ತು. ಊರಿಗೆ ಹೋಗಿ, 1905ರಲ್ಲಿ ತೀರಿಕೊಳ್ಳುವವರೆಗೂ ಹೊಸ ಶಾಲೆಗಳ ಕೆಲಸದಲ್ಲಿ ತೊಡಗಿದ್ದರು.