1983ರಲ್ಲೇ ಆಯ್ಕೆಯಾಗಿದ್ದ ಫೆಟಿಸೊವ್‌ಗೆ ಅಮೆರಿಕ ತಲುಪಲು ಆರು ವರ್ಷ ಹಿಡಿದದ್ದೇಕೆ?

ಓದುಗರ ಪ್ರಶ್ನೆ: ಸೋವಿಯತ್ ಆಟಗಾರ ವ್ಯಾಚೆಸ್ಲಾವ್ ಫೆಟಿಸೊವ್ ಅವರನ್ನು ಐಸ್ ಹಾಕಿಯ ಸಾರ್ವಕಾಲಿಕ ಶ್ರೇಷ್ಠ ಡಿಫೆಂಡರ್‌ಗಳ ಸಾಲಿನಲ್ಲಿ ಇಡುತ್ತಾರೆ. ಆದರೆ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಇರುವುದು 546 ಪಂದ್ಯ, 36 ಗೋಲು ಮಾತ್ರ. ನ್ಯೂಜೆರ್ಸಿ ಡೆವಿಲ್ಸ್ ತಂಡ 1983ರ ಡ್ರಾಫ್ಟ್‌ನಲ್ಲೇ ಆರಿಸಿಕೊಂಡಿದ್ದರೂ ಅವರು ಅಲ್ಲಿ ಆಡತೊಡಗಿದ್ದು 1989ರಲ್ಲಿ. ನಡುವೆ ಏನಾಯಿತು?

ಉತ್ತರ: ಮೊದಲು ಡ್ರಾಫ್ಟ್ ಎಂದರೇನು ಎಂಬುದನ್ನು ಬಿಡಿಸಿಕೊಳ್ಳೋಣ. ಐಪಿಎಲ್ ಹರಾಜಿನಲ್ಲಿ ಆಟಗಾರ ತಾನೇ ಹೆಸರು ಕೊಟ್ಟಿರುತ್ತಾನೆ, ವಿದೇಶದವನಾದರೆ ತನ್ನ ಮಂಡಳಿಯ ಎನ್‌ಒಸಿಯನ್ನೂ ತರಬೇಕು. ಅಂದಿನ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಸೋವಿಯತ್ ಆಟಗಾರನನ್ನು ಆರಿಸಲು ಇದ್ಯಾವುದೂ ಬೇಕಿರಲಿಲ್ಲ. ಅದು ತಂಡಗಳು ತಮ್ಮೊಳಗೆ ಮಾಡಿಕೊಳ್ಳುತ್ತಿದ್ದ ಹಂಚಿಕೆ. ಈ ಆಟಗಾರ ಎಂದಾದರೂ ಇಲ್ಲಿಗೆ ಬಂದರೆ ಅವನ ಜೊತೆ ಮಾತುಕತೆ ನಡೆಸುವ ಹಕ್ಕು ನಮ್ಮದು, ಅಷ್ಟೇ. ಮಾಸ್ಕೋದಲ್ಲಿ ಆ ಹಕ್ಕಿಗೆ ಕವಡೆ ಕಿಮ್ಮತ್ತೂ ಇರಲಿಲ್ಲ.

ತಂಡಗಳಿಗೂ ಇದು ಚೆನ್ನಾಗಿ ಗೊತ್ತಿತ್ತು. 1978ರಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ ಫೆಟಿಸೊವ್ ಅವರನ್ನು ಆರಿಸಿದ್ದು 201ನೆಯವರಾಗಿ. ಆ ಹಕ್ಕು ಬಳಕೆಗೆ ಬರಲೇ ಇಲ್ಲ. 1983ರಲ್ಲಿ ಡೆವಿಲ್ಸ್ ಎಂಟನೇ ಸುತ್ತಿನಲ್ಲಿ, 150ನೆಯವರಾಗಿ ಆರಿಸಿತು. ಆಗ ಫೆಟಿಸೊವ್‌ಗೆ 25 ವರ್ಷ, ತಮ್ಮ ಸ್ಥಾನದಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರ ಎನ್ನಲು ಅಡ್ಡಿಯಿಲ್ಲ. ಆದರೂ ಆ ಸರದಿ, ಏಕೆಂದರೆ ಅವರು ಬರುತ್ತಾರೆಂಬ ನಂಬಿಕೆ ಯಾರಿಗೂ ಇರಲಿಲ್ಲ.

ಅಡ್ಡಿ ಇದ್ದದ್ದು ಸೈನ್ಯದಲ್ಲಿ. ಫೆಟಿಸೊವ್ ಆಡುತ್ತಿದ್ದ ಸಿಎಸ್‌ಕೆಎ ಮಾಸ್ಕೋ, ಸೋವಿಯತ್ ಸೇನೆಯ ಕ್ಲಬ್. ಕಡ್ಡಾಯ ಸೈನಿಕ ಸೇವೆಯ ಹೆಸರಿನಲ್ಲಿ ದೇಶದ ಪ್ರತಿಭಾವಂತರನ್ನೆಲ್ಲ ಅಲ್ಲಿಗೆ ಎಳೆದುಕೊಳ್ಳಬಹುದಿತ್ತು. 1977ರಿಂದ 1989ರವರೆಗೆ ಸತತ 13 ಬಾರಿ ಆ ತಂಡ ಲೀಗ್ ಗೆದ್ದದ್ದರ ಹಿಂದೆ ಈ ಅನುಕೂಲವೂ ಇತ್ತು. ಹೆಸರಾಂತ ಆಟಗಾರರಿಗೆ ಅಧಿಕಾರಿಯ ದರ್ಜೆ ಸಿಗುತ್ತಿತ್ತು. ಫೆಟಿಸೊವ್ ಮೇಜರ್ ಆಗಿದ್ದರು. ಸೈನ್ಯದ ಅಧಿಕಾರಿ ಅನುಮತಿಯಿಲ್ಲದೆ ವಿದೇಶದಲ್ಲಿ ಉಳಿದರೆ ಅದು ಕರಾರು ಮುರಿದ ತಪ್ಪಲ್ಲ, ಸೇನೆ ಬಿಟ್ಟು ಓಡಿಹೋದ ಅಪರಾಧ. ಕೋಚ್ ವಿಕ್ಟರ್ ಟಿಖೊನೊವ್ ಕ್ಲಬ್ಬಿಗೂ ರಾಷ್ಟ್ರೀಯ ತಂಡಕ್ಕೂ ಒಬ್ಬರೇ. ಆಟಗಾರರು ವರ್ಷದ ಬಹುಪಾಲು ಮನೆಮಂದಿಯಿಂದ ದೂರ, ಅರ್ಖಾಂಗೆಲ್‌ಸ್ಕೊಯೆ ಶಿಬಿರದಲ್ಲೇ ಇರಬೇಕಿತ್ತು.

ಹೀಗಾಗಿ ಕಾನೂನುಬದ್ಧವಾಗಿ ಹೊರಡಲು ಒಂದರ ಹಿಂದೊಂದು ಬಾಗಿಲು ದಾಟಬೇಕಿತ್ತು. ಮೊದಲು ಸೈನ್ಯದಿಂದ ಬಿಡುಗಡೆ. ಆಮೇಲೆ ಕ್ರೀಡಾ ಇಲಾಖೆಯ ಒಪ್ಪಿಗೆ, ವಿದೇಶಿ ಕರಾರುಗಳನ್ನು ಕುದುರಿಸುತ್ತಿದ್ದ ಸೊವ್‌ಇಂಟರ್‌ಸ್ಪೋರ್ಟ್ ಎಂಬ ಸರ್ಕಾರಿ ಸಂಸ್ಥೆಯ ಸಹಿ, ಪಾಸ್‌ಪೋರ್ಟ್, ವೀಸಾ. ಮೊದಲನೆಯದಕ್ಕೇ ಕೋಚ್ ಒಪ್ಪದಿದ್ದರೆ ಉಳಿದವು ತೆರೆಯುವುದಿಲ್ಲ. ಎಲ್ಲವೂ ತೆರೆದರೂ ಸಂಬಳದ ದೊಡ್ಡ ಪಾಲು ಸರ್ಕಾರಕ್ಕೆ.

1988ರ ಕ್ಯಾಲ್ಗರಿ ಒಲಿಂಪಿಕ್ಸ್ ಚಿನ್ನದ ನಂತರ ಬಿಡುಗಡೆ ಸಿಗುತ್ತದೆಂಬ ಭರವಸೆಯಿತ್ತು. ಅದು ಈಡೇರಲಿಲ್ಲ. ಆ ವರ್ಷದ ಕೊನೆಯಲ್ಲಿ ಸಹ ಆಟಗಾರ ಇಗೋರ್ ಲಾರಿಯೊನೊವ್ 'ಒಗೊನ್ಯೋಕ್' ಪತ್ರಿಕೆಯಲ್ಲಿ ಕೋಚ್‌ಗೆ ಬಹಿರಂಗ ಪತ್ರ ಬರೆದರು. 1989ರ ಆರಂಭದಲ್ಲಿ ಫೆಟಿಸೊವ್ ಕೂಡ, ಟಿಖೊನೊವ್ ತಂಡದಲ್ಲಿ ಇನ್ನು ಆಡಲಾರೆ ಎಂದು ಪತ್ರಿಕೆಯ ಮೂಲಕವೇ ಹೇಳಿಬಿಟ್ಟರು. ಕ್ಲಬ್ಬಿನ ಬಾಗಿಲು ಮುಚ್ಚಿತು. ಆಗ ಜೊತೆಗಾರರು ಟಿವಿಯಲ್ಲಿ ಕುಳಿತು, ಅವರಿಲ್ಲದೆ ವಿಶ್ವ ಚಾಂಪಿಯನ್‌ಷಿಪ್‌ಗೆ ನಾವೂ ಹೋಗುವುದಿಲ್ಲ ಎಂದರು. ಮರಳಿ ಬಂದ ಫೆಟಿಸೊವ್ ಸ್ವೀಡನ್ನಿನಲ್ಲಿ ಆ ಚಿನ್ನವನ್ನೂ ಗೆದ್ದರು. ಅದು ಮುಗಿದ ಬೆನ್ನಲ್ಲೇ ಯುವ ಆಟಗಾರ ಅಲೆಕ್ಸಾಂಡರ್ ಮೊಗಿಲ್ನಿ ಸ್ಟಾಕ್‌ಹೋಮ್‌ನಿಂದಲೇ ತಪ್ಪಿಸಿಕೊಂಡು ಬಫಲೊ ತಂಡ ಸೇರಿದರು.

ಫೆಟಿಸೊವ್ ಆ ದಾರಿ ಹಿಡಿಯಲಿಲ್ಲ. ತಪ್ಪಿಸಿಕೊಳ್ಳುವ ಅವಕಾಶ ಎಷ್ಟೋ ವಿದೇಶ ಪ್ರವಾಸಗಳಲ್ಲಿ ಅವರಿಗೂ ಇತ್ತು. ನನ್ನ ದೇಶಕ್ಕೆ ಮುಂಬಾಗಿಲಿಂದಲೇ ಹೋಗಿ ಬರುವಂತಿರಬೇಕು, ಕರಾರು ನನ್ನ ಕೈಯಲ್ಲಿರಬೇಕು ಎಂಬುದು ಅವರ ಪಟ್ಟು. 1989ರ ಬೇಸಿಗೆಯಲ್ಲಿ ಅದು ಗೆದ್ದಿತು. ಅದೇ ವರ್ಷ ಲಾರಿಯೊನೊವ್, ವ್ಲಾದಿಮಿರ್ ಕ್ರುತೊವ್, ಸೆರ್ಗೈ ಮಕಾರೊವ್ ಕೂಡ ಹೊರಟರು. ಫೆಟಿಸೊವ್ ಅವರ ಪದಕಗಳೆಲ್ಲವನ್ನೂ ಒಂದು ಕಡೆಯಿಟ್ಟರೂ ಈ ಪಟ್ಟು ಅವಕ್ಕಿಂತ ಕಡಿಮೆಯದಲ್ಲ ಎಂಬುದು ನಮ್ಮ ಅಭಿಪ್ರಾಯ.

ಈಗ ಅಂಕಿಗಳಿಗೆ ಬರೋಣ. ಎನ್‌ಎಚ್‌ಎಲ್‌ನಲ್ಲಿ ಅವರು ಮೊದಲ ಪಂದ್ಯ ಆಡಿದ್ದು 31ನೇ ವಯಸ್ಸಿನಲ್ಲಿ. ಮೊದಲ ವರ್ಷ 72 ಪಂದ್ಯಗಳಲ್ಲಿ 8 ಗೋಲು, 34 ಅಸಿಸ್ಟ್ (ಗೋಲಿಗೆ ನೆರವಾದ ಪಾಸ್). ಕೆಟ್ಟ ಲೆಕ್ಕವೇನಲ್ಲ, ಆದರೆ ಆಟವೇ ಬೇರೆಯಾಗಿತ್ತು. ಆಗಿನ ಅಂತರರಾಷ್ಟ್ರೀಯ ಅಂಗಣ 30 ಮೀಟರ್ ಅಗಲ, ಎನ್‌ಎಚ್‌ಎಲ್‌ನದು ಸುಮಾರು 26. ಅಗಲ ಕಡಿಮೆಯಾದಷ್ಟೂ ಎದುರಾಳಿ ಬೇಗ ಮೈಮೇಲೆ ಬರುತ್ತಾನೆ, ಪಾಸ್ ಕೊಡಲು ಸಿಗುವ ಕ್ಷಣ ಕಿರಿದಾಗುತ್ತದೆ. ಇನ್ನೂ ದೊಡ್ಡ ನಷ್ಟ ಜೊತೆಗಾರರದು. ಸೋವಿಯತ್ ಪದ್ಧತಿಯಲ್ಲಿ ಐವರೂ ಒಟ್ಟಿಗೇ ಇಳಿದು ಒಟ್ಟಿಗೇ ಹೊರಬರುತ್ತಿದ್ದರು. ಫೆಟಿಸೊವ್ ಮುನ್ನುಗ್ಗಿದರೆ ಸೆಂಟರ್, ಅಂದರೆ ಫಾರ್ವರ್ಡ್ ಸಾಲಿನ ನಡುವಿನ ಆಟಗಾರ, ಲಾರಿಯೊನೊವ್ ತಾನಾಗಿ ಹಿಂದೆ ಸರಿದು ಆ ಜಾಗ ತುಂಬುತ್ತಿದ್ದರು. ಎನ್‌ಎಚ್‌ಎಲ್‌ನಲ್ಲಿ ಡಿಫೆಂಡರ್‌ಗಳ ಜೋಡಿ ಬೇರೆ, ಫಾರ್ವರ್ಡ್‌ಗಳ ಸಾಲು ಬೇರೆ ಬದಲಾಗುತ್ತದೆ. ಮುಂದೆ ಹೋದರೆ ಹಿಂದೆ ಯಾರೂ ಇರುವುದಿಲ್ಲ.

1995ರ ಏಪ್ರಿಲ್‌ನಲ್ಲಿ ಡೆಟ್ರಾಯ್ಟ್ ರೆಡ್ ವಿಂಗ್ಸ್ ಡ್ರಾಫ್ಟ್‌ನ ಕೇವಲ ಮೂರನೇ ಸುತ್ತಿನ ಒಂದು ಆಯ್ಕೆಯನ್ನು ಬಿಟ್ಟುಕೊಟ್ಟು ಅವರನ್ನು ಕರೆಸಿಕೊಂಡಿತು. ಅಕ್ಟೋಬರ್‌ನಲ್ಲಿ ಲಾರಿಯೊನೊವ್ ಬಂದರು. ಆ ತಿಂಗಳ 27ರಂದು ಕೋಚ್ ಸ್ಕಾಟಿ ಬೌಮನ್ ಕ್ಯಾಲ್ಗರಿಯಲ್ಲಿ ಫೆಟಿಸೊವ್, ವ್ಲಾದಿಮಿರ್ ಕಾನ್‌ಸ್ಟಾಂಟಿನೊವ್, ಲಾರಿಯೊನೊವ್, ಸೆರ್ಗೈ ಫೆಡೊರೊವ್, ವ್ಯಾಚೆಸ್ಲಾವ್ ಕೊಜ್ಲೊವ್ ಈ ಐವರು ರಷ್ಯನ್ನರನ್ನೂ ಒಟ್ಟಿಗೆ ಇಳಿಸಿದರು.

ಇವರ ಆಟವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆಯ ಬಳಿ ದಾರಿ ಮುಚ್ಚಿದ್ದರೆ ಆಗಿನ ತಂಡಗಳು ಪಕ್ಕನ್ನು (ಚೆಂಡಿನ ಬದಲಿರುವ ರಬ್ಬರ್ ಬಿಲ್ಲೆ) ಮೂಲೆಗೆ ಹೊಡೆದು ಅದರ ಹಿಂದೆ ಓಡುತ್ತಿದ್ದವು. ಈ ಐವರು ಪಕ್ ಬಿಟ್ಟುಕೊಡದೆ ಮೈದಾನದ ನಡುಭಾಗಕ್ಕೆ, ಫೆಟಿಸೊವ್ ಕಡೆಗೆ, ಹಿಂದಿರುಗಿಸುತ್ತಿದ್ದರು. ಪಕ್ ಹಿಂದಕ್ಕೆ ಹೋಯಿತೆಂದು ಎದುರಾಳಿಗಳು ಎರಡು ಹೆಜ್ಜೆ ಮುಂದೆ ಬರುತ್ತಾರೆ. ಅಷ್ಟರಲ್ಲಿ ಇನ್ನೊಂದು ಬದಿಯಲ್ಲಿ ಫೆಡೊರೊವ್ ಹಿಂದಿನಿಂದಲೇ ವೇಗ ಹಿಡಿದಿರುತ್ತಾರೆ. ಫೆಟಿಸೊವ್ ಅಡ್ಡಲಾಗಿ ಕೊಟ್ಟ ಪಾಸ್ ಅವರ ಸ್ಟಿಕ್ಕಿಗೆ ಸಿಕ್ಕರೆ, ನಿಂತಲ್ಲಿಂದ ತಿರುಗಬೇಕಾದ ಡಿಫೆಂಡರ್ ಹಿಡಿಯುವುದು ಅಸಾಧ್ಯ. ಆಫ್‌ಸೈಡ್ ನಿಯಮದಂತೆ ಪಕ್ ಗೆರೆ ದಾಟುವ ಮುನ್ನ ದಾಳಿಕಾರ ದಾಟುವಂತಿಲ್ಲ, ಹಾಗಾಗಿ ಪಾಸ್ ಅರೆಕ್ಷಣ ತಡವಾದರೂ ಆಟ ನಿಲ್ಲುತ್ತದೆ. ಅದು ನಡುವೆ ಕತ್ತರಿಸಿಹೋದರೆ ಎದುರಾಳಿಗೆ ಗೋಲ್‌ಕೀಪರ್‌ವರೆಗೆ ದಾರಿ ಖಾಲಿ. ಆ ಅಪಾಯದ ಪಾಸನ್ನು ತಾಳ್ಮೆಯಿಂದ ಕೊಡುವುದೇ ಫೆಟಿಸೊವ್ ಕೆಲಸ, ಮತ್ತು ಅದು ಗೋಲಿನ ಕಾಲಂನಲ್ಲಿ ಕಾಣುವುದಿಲ್ಲ. 1995-96ರಲ್ಲಿ, 37ರ ವಯಸ್ಸಿನಲ್ಲಿ, 69 ಪಂದ್ಯಗಳಲ್ಲಿ 35 ಅಸಿಸ್ಟ್. ತಂಡ ಆ ಋತುವಿನಲ್ಲಿ 62 ಪಂದ್ಯ ಗೆದ್ದಿತು.

1997, 1998ರಲ್ಲಿ ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಬಂತು. ಮೊದಲನೆಯದನ್ನು ಗೆದ್ದ ಆರನೇ ದಿನ, 1997ರ ಜೂನ್ 13ರಂದು, ಲಿಮೊಸಿನ್ ಅಪಘಾತದಲ್ಲಿ ಕಾನ್‌ಸ್ಟಾಂಟಿನೊವ್ ಅವರ ಆಟದ ಬದುಕು ಮುಗಿಯಿತು. ಅದೇ ವಾಹನದಲ್ಲಿದ್ದ ಫೆಟಿಸೊವ್ ಗಾಯಗಳೊಂದಿಗೆ ಪಾರಾದರು. ಆ ಆಗಸ್ಟ್‌ನಲ್ಲಿ ಲಾರಿಯೊನೊವ್, ಕೊಜ್ಲೊವ್ ಜೊತೆ ಅವರು ಕಪ್ಪನ್ನು ಮಾಸ್ಕೋಗೆ ಕೊಂಡೊಯ್ದರು. ರಷ್ಯಾಕ್ಕೆ ಅದು ಬಂದದ್ದು ಅದೇ ಮೊದಲು.