ಎರಿ ಮಣ್ಣಿಗೆ ಬೇಕಾದ ಮೂರನೇ ಪರೀಕ್ಷೆ

ಸೊಲ್ಲಾಪುರ, ಅಕ್ಕಲಕೋಟೆ ಕಡೆ ಮನೆ ಕಟ್ಟುವವರಿಗೆ ಎರಿ ಮಣ್ಣಿನ, ಅಂದರೆ ಕಪ್ಪು ಜೇಡಿ ಮಣ್ಣಿನ, ಕಾಟ ಗೊತ್ತೇ ಇದೆ. ಮಳೆ ಬಿದ್ದರೆ ಉಬ್ಬುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಗೇ ಪಾಯ ಹಾಕಿದರೆ ಗೋಡೆ ಸೀಳುತ್ತದೆ. ಅದಕ್ಕೇ ಮೊದಲು ಎರಿ ಮಣ್ಣು ತೆಗೆದು, ಗಟ್ಟಿ ನೆಲ ಸಿಗುವ ತನಕ ಅಗೆದು, ಗರಸು ತುಂಬಿ ಕುಟ್ಟುತ್ತಾರೆ. ತೆಗೆದ ಮಣ್ಣು ಅಲ್ಲೇ ಬಿದ್ದಿರೋದಿಲ್ಲ. ಟ್ರ್ಯಾಕ್ಟರ್ ಹತ್ತಿ ಯಾರದೋ ಹೊಲಕ್ಕೆ ಹೋಗುತ್ತದೆ, ಯಾರದೋ ಅಂಗಳದ ಗಿಡಗಳಿಗೆ ಹೋಗುತ್ತದೆ, ತಗ್ಗು ಪ್ಲಾಟಿನ ಭರ್ತಿಗೂ ಹೋಗುತ್ತದೆ. ಫಲವತ್ತಾದ ಮಣ್ಣು ಅಲ್ವಾ, ಬೇಡ ಅನ್ನೋರು ಯಾರು?

ಹೊಲವಾಗಿದ್ದ ಜಾಗಕ್ಕೆ ಇದು ಸರಿ. ಆದರೆ ಅಲ್ಲಿ ವರ್ಷಗಟ್ಟಲೆ ನೂಲಿಗೆ ಬಣ್ಣ ಹಾಕುವ ಕೆಲಸ ನಡೆದಿದ್ದರೆ? ಆಗ ಟ್ರ್ಯಾಕ್ಟರ್ ಹೊತ್ತೊಯ್ಯುವುದು ಬರೀ ಮಣ್ಣನ್ನಲ್ಲ. ಊರೊಳಗಿನ ಕೆಟ್ಟ ಮಣ್ಣಿನ ಮುಖ್ಯ ತೊಡಕೇ ಇದು. ಜಾಗ ಶುಚಿ ಮಾಡಿದೆವು ಅಂತ ಹೇಳುವಾಗ ಎಷ್ಟೋ ಸಲ ಆ ಕೊಳೆಯನ್ನು ಇನ್ನೊಬ್ಬರ ಮನೆ ಮುಂದೆ ಸುರಿದು ಬಂದಿರುತ್ತೇವೆ.

ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಮಿಲ್ ಶುರುವಾಗಿದ್ದು 1877ರಲ್ಲಿ. ಜನರ ಬಾಯಲ್ಲಿ ಅದು ಜುನಿ ಮಿಲ್. ಆಮೇಲೆ ಇನ್ನಷ್ಟು ಗಿರಣಿಗಳು ಬಂದವು, ಪವರ್‌ಲೂಮ್ ಬಂದವು, ಸೊಲ್ಲಾಪುರದ ಚಾದರ ದೇಶವೆಲ್ಲ ಸುತ್ತಿತು. ಕನ್ನಡ, ತೆಲುಗು, ಮರಾಠಿ ಮಾತಾಡುವವರು ಗಿರಣಿಯ ಒಂದೇ ಭೋಂಗಾ (ಸೈರನ್) ಕೇಳಿ ಕೆಲಸಕ್ಕೆ ಹೊರಡುತ್ತಿದ್ದ ಊರಿದು. ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹಳೇ ಗಿರಣಿ ಜಾಗ ಅಂದ ಕೂಡಲೇ ಅಲ್ಲಿ ವಿಷ ಇದ್ದೇ ಇದೆ ಅನ್ನೋದು ತಪ್ಪು. ನೋಡದೇ ಇಲ್ಲ ಅನ್ನೋದು ಇನ್ನೂ ದೊಡ್ಡ ತಪ್ಪು.

ಇಂಥ ಜಾಗಗಳಲ್ಲಿ ಏನು ಹುಡುಕಬೇಕು ಅನ್ನೋದು ಆ ಕೆಲಸದಿಂದಲೇ ತಿಳಿಯುತ್ತದೆ. ಹತ್ತಿ ಬಟ್ಟೆಗೆ ಕೆಲವು ಬಣ್ಣ ಗಟ್ಟಿಯಾಗಿ ಕೂರಲಿ ಅಂತ ಸೋಡಿಯಂ ಡೈಕ್ರೋಮೇಟ್ ಬಳಸುವುದು ಹಿಂದೆ ಎಲ್ಲ ಕಡೆ ರೂಢಿಯಲ್ಲಿತ್ತು. ಅದರಲ್ಲಿರೋದು ಕ್ರೋಮಿಯಂನ ಕೆಟ್ಟ ರೂಪ. ಬಾಯ್ಲರ್ ಕಲ್ಲಿದ್ದಲಿನ ಬೂದಿಯಲ್ಲಿ ಆರ್ಸೆನಿಕ್ ಇರಬಹುದು. ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಅನ್ನೋ ವಿಷ ರಾಸಾಯನಿಕ, ಸುಲಿದು ಬಿದ್ದ ಪೇಂಟಿನಲ್ಲಿ ಸೀಸ. ಯಂತ್ರದ ಜಿಡ್ಡು ತೊಳೆಯುವ ದ್ರಾವಕಗಳೂ ಇರಬಹುದು. ಅವು ಆವಿಯಾಗಿ ಮೇಲೇರಿ, ನೆಲದ ಸಣ್ಣ ಸೀಳಿನಿಂದ ಮನೆಯೊಳಗೆ ಬರುತ್ತವೆ.

ನೆದರ್ಲೆಂಡ್ಸ್‌ನ ಲೆಕ್ಕರ್‌ಕೆರ್ಕ್ ಅನ್ನೋ ಊರಲ್ಲಿ ಇಂಥದ್ದೇ ಆಯಿತು. 1970ರ ದಶಕದಲ್ಲಿ ಅಲ್ಲಿ ಹಳೇ ಕಾಲುವೆಗಳನ್ನು ಕಸದಿಂದ ತುಂಬಿ ಮೇಲೆ ಬಡಾವಣೆ ಕಟ್ಟಿದರು. ಕಸದ ಜೊತೆ ರಾಸಾಯನಿಕದ ಪೀಪಾಯಿಗಳೂ ಹೋಗಿದ್ದವು. ಟೋಲೀನ್‌ನಂಥ ದ್ರಾವಕಗಳು ಕುಡಿಯುವ ನೀರಿನ ಪ್ಲಾಸ್ಟಿಕ್ ಪೈಪನ್ನೇ ಮೆತ್ತಗೆ ಮಾಡಿ ಒಳಗೆ ಇಳಿದವು. 1980ರಲ್ಲಿ ಸುಮಾರು 270 ಮನೆ ಖಾಲಿ ಮಾಡಿಸಿ, ಅಡಿಯಿಂದ 1,600ಕ್ಕೂ ಹೆಚ್ಚು ಪೀಪಾಯಿ ತೆಗೆದರು. ಆ ದೇಶದ ಮಣ್ಣು ಶುದ್ಧಿಯ ಮೊದಲ ಕಾನೂನು 1983ರಲ್ಲಿ ಬಂದಿದ್ದು ಈ ಏಟಿಗೆ. ಕೆಳಗೇನಿದೆ ಅಂತ ಮೊದಲೇ ನೋಡಿದ್ದರೆ ಆಗುತ್ತಿದ್ದ ಖರ್ಚು ಇದರ ಮುಂದೆ ಲೆಕ್ಕಕ್ಕೇ ಇಲ್ಲ.

ನಮ್ಮಲ್ಲಿ ಮಣ್ಣು ಪರೀಕ್ಷೆ ಆಗೋದಿಲ್ಲ ಅಂತಲ್ಲ. ಎರಡು ಥರ ಆಗುತ್ತದೆ. ರೈತರ ಮಣ್ಣು ಆರೋಗ್ಯ ಕಾರ್ಡ್ ಯೋಜನೆ 2015ರಿಂದ ಇದೆ. ಅದರಲ್ಲಿ ನೋಡೋದು 12 ಅಂಶ: ಸಾರಜನಕ, ರಂಜಕ, ಪೊಟ್ಯಾಷ್, ಸತು, ಕಬ್ಬಿಣ ಹೀಗೆ. ಇಂಜಿನಿಯರ್ ಮಾಡಿಸುವ ಪರೀಕ್ಷೆ ನೆಲ ಎಷ್ಟು ಭಾರ ತಡೆಯುತ್ತದೆ, ಎಷ್ಟು ಉಬ್ಬುತ್ತದೆ ಅಂತ ಹೇಳುತ್ತದೆ. ಬೆಳೆಗೂ ಕಟ್ಟಡಕ್ಕೂ ಪರೀಕ್ಷೆ ಇದೆ. ಆ ಅಂಗಳದಲ್ಲಿ ಅಂಬೆಗಾಲಿಡುವ ಮಗುವಿಗೆ ಆ ಮಣ್ಣು ಏನು ಮಾಡುತ್ತದೆ ಅನ್ನೋ ಮೂರನೇ ಪರೀಕ್ಷೆ ಮಾಡಿಸುವವರು ಅಪರೂಪ.

ಮಗುವಿನ ಮಾತು ಸುಮ್ನೆ ಎತ್ತಿದ್ದಲ್ಲ. ಮನೆಯಂಗಳದ ಮಣ್ಣಿನ ಮಿತಿಗಳನ್ನು ಹೆಚ್ಚಾಗಿ ಲೆಕ್ಕ ಹಾಕೋದು ಮಗುವಿನ ಕೈಯಿಂದ ಬಾಯಿಗೆ ಎಷ್ಟು ಮಣ್ಣು ಹೋಗುತ್ತದೆ ಅನ್ನೋದರ ಮೇಲೆ. ಅಮೆರಿಕದ ಪರಿಸರ ಸಂಸ್ಥೆ ಲೆಕ್ಕಕ್ಕೆ ಬಳಸುತ್ತಾ ಬಂದ ಅಂದಾಜಿನಲ್ಲಿ ಚಿಕ್ಕ ಮಗು ದಿನಕ್ಕೆ 200 ಮಿಲಿಗ್ರಾಂ ಮಣ್ಣು, ಧೂಳು ನುಂಗುತ್ತದೆ. ಒಂದು ಚಿಟಿಕೆಗಿಂತ ಕಡಿಮೆ. ಮಣ್ಣಿನ ಕಿಲೋಗೆ 400 ಮಿಲಿಗ್ರಾಂ ಸೀಸ ಇದ್ದರೆ, ದಿನಕ್ಕೆ 80 ಮೈಕ್ರೋಗ್ರಾಂ ಸೀಸ ಹೊಟ್ಟೆಗೆ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಹಾಗೆ ದೊಡ್ಡವರಿಗಿಂತ ಮಕ್ಕಳ ಮೈ ನುಂಗಿದ ಸೀಸವನ್ನು ನಾಲ್ಕೈದು ಪಟ್ಟು ಹೀರುತ್ತದೆ. ಅಮೆರಿಕದಲ್ಲಿ ಮನೆಯಂಗಳದ ಮಣ್ಣಿಗೆ ಬಹಳ ಕಾಲ ಇದ್ದ ಎಚ್ಚರಿಕೆ ಮಟ್ಟ ಈ 400 ಮಿಲಿಗ್ರಾಂ. 2024ರಲ್ಲಿ ಅದನ್ನು 200ಕ್ಕೆ ಇಳಿಸಿದರು.

ಈಗ ಮನೆಗಳ ಕಡೆ ಬರೋಣ. ಸೊಲ್ಲಾಪುರದ ಹೊರಗೆ ಕುಂಭಾರಿಯಲ್ಲಿ ಬೀಡಿ ಕಟ್ಟುವವರು, ನೇಕಾರರು, ಚಿಂದಿ ಆಯುವವರಂಥ ದುಡಿಯುವ ಜನರಿಗಾಗಿ 30,000 ಮನೆಗಳ ಯೋಜನೆಯ ರಾಯನಗರ ಎದ್ದಿದೆ. ಅದರಲ್ಲಿ 15,000 ಮನೆಗಳನ್ನು 2024ರ ಜನವರಿಯಲ್ಲಿ ಹಸ್ತಾಂತರ ಮಾಡಿದರು. ದೊಡ್ಡ ಕೆಲಸವೇ. ಆದರೆ ಊರ ಹೊರಗೆ ಮನೆ ಅಂದರೆ ಕೆಲಸ, ಶಾಲೆ, ದವಾಖಾನೆ ಎಲ್ಲಕ್ಕೂ ರಿಕ್ಷಾ ಖರ್ಚು. ಊರೊಳಗೆ ಖಾಲಿ ಬಿದ್ದ ಕಾರ್ಖಾನೆ ಜಾಗಗಳ ಮೇಲೆ ಎಲ್ಲೆಡೆ ಕಣ್ಣು ಬೀಳೋದು ಇದಕ್ಕೇ. ನನ್ನ ಪ್ರಕಾರ ಬೀಳಲೇಬೇಕು. ಬಸ್ಸು, ನಲ್ಲಿ, ಚರಂಡಿ ಇರುವ ಜಾಗವನ್ನು ಬಿಟ್ಟು ಹೊಲ ಹುಡುಕಿಕೊಂಡು ಹೋಗೋದು ಜಾಣತನ ಅಲ್ಲ. ಬಡವರ ಮನೆ ಅಂತ ಮೂರನೇ ಪರೀಕ್ಷೆ ಬಿಡೋದೂ ಜಾಣತನ ಅಲ್ಲ.

ಆ ಪರೀಕ್ಷೆ ಶುರುವಾಗೋದು ಲ್ಯಾಬಿನಲ್ಲಲ್ಲ, ಹಳಬರ ಹತ್ತಿರ. ಬಣ್ಣ ಹಾಕುವ ವಿಭಾಗ ಎಲ್ಲಿತ್ತು, ಅದರ ನೀರು ಯಾವ ಕಡೆ ಹರಿಯುತ್ತಿತ್ತು, ಬೂದಿ ಎಲ್ಲಿ ಸುರಿಯುತ್ತಿದ್ದರು ಅನ್ನೋದು ಅಲ್ಲಿ ದುಡಿದವರಿಗೆ ಗೊತ್ತಿರುತ್ತದೆ. ವಿಷ ಜಾಗದ ತುಂಬ ಸಮನಾಗಿ ಹರಡಿರೋದಿಲ್ಲ. ಹಳೇ ಗಟಾರದ ಗುಂಟ ಇರುತ್ತದೆ, ಹತ್ತು ಹೆಜ್ಜೆ ಆಚೆ ಇರೋದಿಲ್ಲ. ನಾಲ್ಕು ಮೂಲೆಯಿಂದ ಮಣ್ಣು ತಂದು ಕಲಸಿ ಒಂದು ಪೊಟ್ಟಣ ಮಾಡಿ ಕಳಿಸಿದರೆ ಹೊಲಕ್ಕೆ ಸರಿ ಹೋಗಬಹುದು. ಇಲ್ಲಿ ಅದು ಇರುವ ವಿಷವನ್ನೇ ಮರೆಸುತ್ತದೆ. ಜಾಗಕ್ಕೆ ಚೌಕ ಹಾಕಿ, ಬೇರೆ ಬೇರೆ ಆಳದಿಂದ ತೆಗೆಯಬೇಕು. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ಸೀಸವನ್ನು ಅಲ್ಲೇ, ಸ್ವಲ್ಪ ಹೊತ್ತಿನಲ್ಲೇ ತೋರಿಸುತ್ತದೆ. ಕ್ರೋಮಿಯಂ ಇದೆ ಅಂತಲೂ ಹೇಳುತ್ತದೆ, ಯಾವ ಕ್ರೋಮಿಯಂ ಅಂತ ಹೇಳೋದಿಲ್ಲ. ಅದಕ್ಕೆ ಲ್ಯಾಬೇ ಬೇಕು.

ಯಾವ ಕ್ರೋಮಿಯಂ ಅನ್ನೋದರ ಮೇಲೇ ಎಲ್ಲ ನಿಂತಿದೆ. ಎರಿ ಮಣ್ಣಿನ ಜೇಡಿ ಕಣಗಳ ಮೇಲೆ ನೆಗೆಟಿವ್ ಚಾರ್ಜ್ ಇರುತ್ತದೆ. ಸೀಸ ಪಾಸಿಟಿವ್, ಹಾಗಾಗಿ ಕಣಕ್ಕೆ ಅಂಟಿಕೊಂಡು ಮೇಲಿನ ಪದರದಲ್ಲೇ ಉಳಿಯುತ್ತದೆ. ಆಗಲೇ ಹೇಳಿದ ಕೆಟ್ಟ ರೂಪ, ಅಂದರೆ ಆರನೇ ಸ್ಥಿತಿಯ ಕ್ರೋಮಿಯಂ, ಮಣ್ಣಿನಲ್ಲಿ ಕ್ರೋಮೇಟ್ ಆಗಿ ಇರುತ್ತದೆ, ಅದೂ ನೆಗೆಟಿವ್. ಜೇಡಿ ಅದನ್ನು ಹಿಡಿಯೋದಿಲ್ಲ, ನೀರಿನ ಜೊತೆ ಬಿಟ್ಟುಬಿಡುತ್ತದೆ. ಅದರ ಮೇಲೆ ಬೇಸಿಗೆಯ ಬಿರುಕು ಬೇರೆ. ಮೊದಲ ಮಳೆಯ ನೀರು ಮಣ್ಣಿನಲ್ಲಿ ಇಂಗದೆ ನೇರ ಬಿರುಕಿಗೆ ಇಳಿದು, ಕೆಳಗಿನ ಕಪ್ಪು ಕಲ್ಲಿನ ಸಂದು ಸೇರುತ್ತದೆ. ನಲ್ಲಿ ನೀರು ದಿನಾ ಬರದ ಊರಲ್ಲಿ ಬೋರ್‌ವೆಲ್ ನೀರು ಎಳೆಯೋದೂ ಅದೇ ಸಂದಿನಿಂದ. ತಮಿಳುನಾಡಿನ ರಾಣಿಪೇಟೆಯಲ್ಲಿ ಒಂದು ಕ್ರೋಮೇಟ್ ಕಾರ್ಖಾನೆ 1990ರ ದಶಕದಲ್ಲಿ ಮುಚ್ಚಿತು. ಅದು ಬಿಟ್ಟುಹೋದ ಎರಡು ಲಕ್ಷ ಟನ್‌ಗೂ ಮೇಲಿನ ಕಸ ಅಂತರ್ಜಲವನ್ನು ಹಳದಿ ಮಾಡಿದ್ದು ಇದೇ ಗುಣದಿಂದ.

ಶುಚಿ ಮಾಡುವ ದಾರಿ ಹಲವು. ವಿದೇಶದ ವಿಡಿಯೋಗಳಲ್ಲಿ ಮಣ್ಣು ತೊಳೆಯುವ ದೊಡ್ಡ ಯಂತ್ರ ಕಾಣುತ್ತದೆ. ವಿಷ ಅಂಟೋದು ಸಣ್ಣ ಕಣಕ್ಕೆ. ತೊಳೆದು ಮರಳು ಒಂದು ಕಡೆ, ಜೇಡಿ ಒಂದು ಕಡೆ ಮಾಡಿದರೆ ಸ್ವಲ್ಪ ಜೇಡಿಯನ್ನು ಮಾತ್ರ ಎಸೆದರೆ ಸಾಕು. ಮರಳು ಮಣ್ಣಿಗೆ ಇದು ಚೆಂದ. ಅರ್ಧಕ್ಕರ್ಧ ಜೇಡಿಯೇ ಇರುವ ಎರಿಯನ್ನು ತೊಳೆದರೆ ಉಳಿಯೋದು ರಾಶಿಗಟ್ಟಲೆ ಕೆಸರು. ಅಗೆದು ಸಾಗಿಸೋದಾದರೆ ಅಪಾಯಕಾರಿ ಕಸಕ್ಕೆಂದೇ ಮಾಡಿದ ಭದ್ರ ಗುಂಡಿಗೆ ಸಾಗಿಸಬೇಕು. ಅಂಥದೊಂದು ಪುಣೆ ಬಳಿಯ ರಾಂಜಣಗಾಂವ್‌ನಲ್ಲಿದೆ, ಸೊಲ್ಲಾಪುರದಿಂದ 200 ಕಿಲೋಮೀಟರ್‌ಗೂ ಮೇಲೆ. ಪ್ರತಿ ಲಾರಿ ಲೋಡಿನ ಖರ್ಚು ಕೊನೆಗೆ ಮನೆಯ ಬೆಲೆಗೇ ಸೇರುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಅತಿ ಬಡವರ ಮನೆ ಅಂದರೆ 30ರಿಂದ 45 ಚದರ ಮೀಟರ್. ಇಷ್ಟು ಸಣ್ಣ ಮನೆಯ ಲೆಕ್ಕದಲ್ಲಿ ಅಂಥ ಖರ್ಚಿಗೆ ಜಾಗ ಕಮ್ಮಿ.

ಹಾಗಾಗಿ ಆದಷ್ಟು ಅಲ್ಲೇ ಗುಣಪಡಿಸುವ ಉಪಾಯಗಳೇ ಇಲ್ಲಿಗೆ ಹೊಂದುತ್ತವೆ. ನನಗೆ ಇವುಗಳಲ್ಲಿ ತುಂಬ ಇಷ್ಟವಾದದ್ದು ಕಾಕಂಬಿಯ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದ, ಉಪಾಯ. ನೀರಲ್ಲಿ ಕದಡಿದ ಕಾಕಂಬಿಯನ್ನು ನೆಲದೊಳಗೆ ಇಳಿಸುತ್ತಾರೆ. ಮಣ್ಣಿನ ಸೂಕ್ಷ್ಮಜೀವಿಗಳು ಆ ಸಕ್ಕರೆ ತಿಂದು ಇದ್ದ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಆ ಸ್ಥಿತಿಯಲ್ಲಿ ಕ್ರೋಮೇಟ್ ಮೂರನೇ ಸ್ಥಿತಿಯ ಕ್ರೋಮಿಯಂ ಆಗಿ ಬದಲಾಗುತ್ತದೆ. ಅದರ ವಿಷ ಬಹಳ ಕಡಿಮೆ, ನೀರಲ್ಲಿ ಸುಲಭವಾಗಿ ಕರಗೋದೂ ಇಲ್ಲ. ಬೇರೆ ದೇಶಗಳಲ್ಲಿ ಮಾಡಿ ನೋಡಿದ ವಿಧಾನವಿದು. ಸೊಲ್ಲಾಪುರ ಜಿಲ್ಲೆಯಲ್ಲಂತೂ ಸಕ್ಕರೆ ಕಾರ್ಖಾನೆಗಳಿಗೆ ಬರವಿಲ್ಲ. ಕಬ್ಬಿನ ಎಲೆ ಹಳದಿಯಾದರೆ ರೈತರು ಹಾಕುವ ಅನ್ನಭೇದಿಯೂ (ಫೆರಸ್ ಸಲ್ಫೇಟ್) ಇದೇ ಕೆಲಸ ಮಾಡುತ್ತದೆ, ಇನ್ನೂ ಬೇಗ. ಅದರ ಕಬ್ಬಿಣವೇ ಕ್ರೋಮೇಟನ್ನು ನೇರವಾಗಿ ಬದಲಾಯಿಸುತ್ತದೆ. ತೊಡಕು ಒಂದಿದೆ. ಮಣ್ಣಿನ ಮ್ಯಾಂಗನೀಸ್ ಆಕ್ಸೈಡ್ ಈ ಕ್ರೋಮಿಯಂ ಅನ್ನು ನಿಧಾನವಾಗಿ ಮತ್ತೆ ಹಳೇ ರೂಪಕ್ಕೆ ತರಬಲ್ಲದು. ಮದ್ದು ಹಾಕಿ ಹೊರಟುಹೋದರೆ ಆಗಲಿಲ್ಲ, ಮಳೆಗಾಲ ಕಳೆದ ಮೇಲೆ ನೀರನ್ನು ಮತ್ತೆ ಮತ್ತೆ ನೋಡಬೇಕು.

ಸೀಸಕ್ಕೆ ರಂಜಕ ಮದ್ದು. ರಾಕ್ ಫಾಸ್ಫೇಟ್ ಅಥವಾ ಮೂಳೆಪುಡಿ ಬೆರೆಸಿದರೆ ಸೀಸ ಪೈರೋಮಾರ್ಫೈಟ್ ಅನ್ನೋ ಖನಿಜವಾಗಿ ಕೂರುತ್ತದೆ, ಸುಲಭವಾಗಿ ಕರಗೋದಿಲ್ಲ. ಆದರೆ ಅದೇ ಜಾಗದಲ್ಲಿ ಬಾಯ್ಲರ್ ಬೂದಿಯ ಆರ್ಸೆನಿಕ್ ಇದ್ದರೆ ಅದೇ ರಂಜಕ ಆರ್ಸೆನಿಕ್ಕನ್ನು ಮಣ್ಣಿಂದ ಬಿಡಿಸಿ ನೀರಿಗೆ ತಳ್ಳುತ್ತದೆ. ಏನಿದೆ ಅಂತ ಪೂರ್ತಿ ನೋಡದೆ ಮದ್ದು ಹಾಕಬಾರದು ಅನ್ನೋದು ಇದಕ್ಕೇ. ಎಣ್ಣೆ ಬಿದ್ದ ಮಣ್ಣು ಎಲ್ಲಕ್ಕಿಂತ ಸುಲಭ. ರಾಶಿ ಹಾಕಿ, ಗಾಳಿಯಾಡಿಸಿ, ಸ್ವಲ್ಪ ಗೊಬ್ಬರ, ತೇವ ಕೊಟ್ಟರೆ ಸೂಕ್ಷ್ಮಜೀವಿಗಳೇ ಕೆಲವು ತಿಂಗಳಲ್ಲಿ ಬಹುಪಾಲು ತಿಂದುಬಿಡುತ್ತವೆ. ಸಾಸಿವೆ, ಸೂರ್ಯಕಾಂತಿ ಬೆಳೆಸಿ ವಿಷ ಹೀರಿಸೋದನ್ನು ಪತ್ರಿಕೆಗಳು ಬಹಳ ಹೊಗಳುತ್ತವೆ. ಅದಕ್ಕೆ ವರ್ಷಗಟ್ಟಲೆ, ಎಷ್ಟೋ ಸಲ ದಶಕಗಟ್ಟಲೆ ಹಿಡಿಯುತ್ತದೆ. ಬಾಡಿಗೆ ಮನೆಯಲ್ಲಿ ಕಾಯುತ್ತಿರುವ ಕುಟುಂಬಕ್ಕೆ ಅದು ಉತ್ತರ ಅಲ್ಲ.

ಖರ್ಚು ಯಾರದು? 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳಿಗೆಂದೇ ನಿಯಮ ಹೊರಡಿಸಿತು. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನದ ಜಾಗಗಳ ವರದಿ ಕೊಡಬೇಕು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದೊಳಗೆ ಮೊದಲ ತಪಾಸಣೆ ಮಾಡಬೇಕು. ಕೆಡಿಸಿದವರೇ ಖರ್ಚು ಕೊಡಬೇಕು. ಅವರು ಸಿಗದಿದ್ದರೆ ಸರ್ಕಾರಗಳು ಹಂಚಿಕೊಳ್ಳಬೇಕು. ದಿವಾಳಿಯಾಗಿ ಯಾವತ್ತೋ ಮುಚ್ಚಿದ ಕಂಪನಿಯನ್ನು ಎಲ್ಲಿಂದ ಹುಡುಕೋದು? ಹಳೇ ಕಾರ್ಖಾನೆ ಜಾಗಗಳಲ್ಲಿ ಬಹುಶಃ ಕೊನೆಯ ದಾರಿಯೇ ಉಳಿಯುತ್ತದೆ.

ಏನೇ ಮಾಡಿದರೂ ಸ್ವಲ್ಪ ಕೆಟ್ಟ ಮಣ್ಣು ಆಳದಲ್ಲಿ ಉಳಿಯೋದು ಸಾಮಾನ್ಯ. ಅದರ ಮೇಲೆ ಗುರುತಿಗೆ ಬಣ್ಣದ ಬಟ್ಟೆಯಂಥ ಹಾಳೆ ಹಾಸಿ, ಒಂದೆರಡು ಅಡಿ ಶುದ್ಧ ಮಣ್ಣು ಹೊದಿಸುತ್ತಾರೆ. ಮಕ್ಕಳು ಮೇಲೆ ಆಡಬಹುದು. ಅಪಾಯ ಇರೋದು ಇಪ್ಪತ್ತು ವರ್ಷ ಆದಮೇಲೆ ಬೋರ್ ಕೊರೆಸುವ, ಸಂಪು ತೋಡಿಸುವ ಸೊಸೈಟಿಗೆ. ಅಷ್ಟೊತ್ತಿಗೆ ಇಂಜಿನಿಯರ್ ನಿವೃತ್ತ, ವರದಿ ಯಾವುದೋ ಕಪಾಟಿನಲ್ಲಿ. ಮಹಾರಾಷ್ಟ್ರದ ಊರುಗಳಲ್ಲಿ ಜಾಗಕ್ಕೆ ಪ್ರಾಪರ್ಟಿ ಕಾರ್ಡ್ ಇರುತ್ತದೆ. ಮಾಲೀಕರ ಹೆಸರು, ವಿಸ್ತೀರ್ಣ, ಬೋಜಾ (ಜಾಗದ ಮೇಲಿನ ಸಾಲ) ಬರೆಯುವ ಆ ಕಾರ್ಡಿನಲ್ಲೇ ಹಾಳೆ ಎಷ್ಟು ಆಳದಲ್ಲಿದೆ, ಅದರ ಕೆಳಗೆ ಏನಿದೆ ಅಂತ ಒಂದು ಸಾಲು ಸೇರಿಸಿದರೆ ಬೋರ್ ಗಾಡಿಯವನು ಬರುವ ಮೊದಲೇ ಸೊಸೈಟಿಯವರ ಕಣ್ಣಿಗೆ ಬೀಳುತ್ತದೆ.